ಒತ್ತಿ ಬರೆಯುವವಳು

ಮೊದಲೇ ಹೇಳಿಬಿಡುತ್ತೇನೆ: ಸಮ್ಮತಿ ಪೆನ್ನಿನೊಳಗಿನ ಲೆಕ್ಕಾಚಾರವನ್ನು ಬರೆದವಳು ನಾನೇ. ಮುಂದೆ ಕಂಪನಿಯನ್ನೋ ಸರ್ಕಾರವನ್ನೋ ಬೈಯುವ ಸಂದರ್ಭ ಬಂದಾಗ ನಾನು ಮೂಲೆಯಲ್ಲಿ ನಿಂತು ಎಲ್ಲರ ಜೊತೆ ಗೋಣು ಅಲ್ಲಾಡಿಸುವುದು ಬೇಡ.

ಪೆನ್ನು ನೋಡಲು ಸಾಮಾನ್ಯ ಬಾಲ್‌ಪೆನ್ನಿನಂತೆಯೇ ಇದೆ, ಸ್ವಲ್ಪ ದಪ್ಪ. ತುದಿಯ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕ ಸೆನ್ಸರ್ ಕೂತಿದೆ. ಬರೆಯುವಾಗ ಕಾಗದದ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂಬುದನ್ನು ಅದು ಸೆಕೆಂಡಿಗೆ ಇನ್ನೂರು ಸಲ ಅಳೆಯುತ್ತದೆ. ಸಹಿಯ ಆಕಾರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಎಲ್ಲಿ ಒತ್ತುತ್ತೀರಿ, ಎಲ್ಲಿ ಹಗುರಾಗುತ್ತೀರಿ, ಎಲ್ಲಿ ಪೆನ್ನು ಎತ್ತುತ್ತೀರಿ ಎಂಬುದನ್ನು ನಕಲು ಮಾಡುವುದು ಕಷ್ಟ. ಇದು ಹಳೆಯ ವಿದ್ಯೆ. ಹುಬ್ಬಳ್ಳಿಯ ನಮ್ಮ ಕಂಪನಿ ಇಟ್ಟದ್ದು ಮುಂದಿನ ಹೆಜ್ಜೆ. ಸಹಿ ಮಾಡಿದವರು ಯಾರು ಎಂಬುದರ ಜೊತೆಗೆ, ಮನಸ್ಸಿನಿಂದ ಮಾಡಿದರೋ ಯಾರದೋ ಒತ್ತಾಯಕ್ಕೆ ಮಾಡಿದರೋ ಎಂಬುದನ್ನೂ ಆ ಏರಿಳಿತದಿಂದಲೇ ಹೇಳುವುದು. ಮನಸ್ಸಿದ್ದರೆ ಪೆನ್ನಿನ ತಲೆಯ ಮೇಲಿನ ದೀಪ ಹಸಿರು, ಒತ್ತಾಯವಿದ್ದರೆ ಕೆಂಪು. ಸಹಿ ಮಾಡಿದವರು ಆ ಮನುಷ್ಯರೇ ಅಲ್ಲದಿದ್ದರೆ ಹಳದಿ.

ಇಂಥದ್ದು ಬೇಕಾಗಿತ್ತೇ ಎಂದು ಕೇಳಬೇಡಿ. ಬೇಕಾಗಿತ್ತು. ತವರಿಗೆ ಬಂದ ಹೆಣ್ಣುಮಗಳಿಗೆ ಒಂದು ಸೀರೆ ಉಡಿಸಿ, ಹೋಳಿಗೆ ಊಟ ಹಾಕಿ, ಮಧ್ಯಾಹ್ನ ಉಪನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿ ಆಸ್ತಿಯ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದನ್ನು ನಾನು ನನ್ನ ಚಿಕ್ಕಮ್ಮನ ವಿಷಯದಲ್ಲಿಯೇ ಕಂಡಿದ್ದೇನೆ. ಪೆನ್ನು ಕಡ್ಡಾಯವಾದ ಮೊದಲ ವರ್ಷವೇ ಅಂಥ ಸಾವಿರಾರು ಪತ್ರಗಳ ಮೇಲೆ ಕೆಂಪು ದೀಪ ಹತ್ತಿತು. ಮಹಿಳಾ ಸಂಘದವರು ನನ್ನನ್ನು ಕರೆದು ಶಾಲು ಹೊದಿಸಿದರು. ಸಂತೋಷದಿಂದ ಹೊದ್ದುಕೊಂಡೆ. ಆಮೇಲೆ ಸರ್ಕಾರಕ್ಕೆ ಹುರುಪು ಬಂತು. ಮದುವೆ ನೋಂದಣಿಗೂ ಸಮ್ಮತಿ ಪೆನ್ನು, ರಾಜೀನಾಮೆಗೂ ಸಮ್ಮತಿ ಪೆನ್ನು, ಕೊನೆಗೆ ಅಂಗಾಂಗ ದಾನಕ್ಕೂ ಸಮ್ಮತಿ ಪೆನ್ನು. ಮೂರು ಸಲ ಹಸಿರು ಬಾರದಿದ್ದರೆ ಅರ್ಜಿ ಆರು ತಿಂಗಳು ಬಂದ್.

ಫಕೀರವ್ವ ತಳವಾರ ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಎರಡು ಸಲ ಕೆಂಪು ಆಗಿಹೋಗಿತ್ತು.

ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದಿದ್ದನಂತೆ. ನಿವೃತ್ತ ಬಸ್ ಕಂಡಕ್ಟರನ್ನು ತಡೆಯುವುದು ಅವನ ಕೈಲಾಗುವ ಕೆಲಸವಲ್ಲ. ಗಟ್ಟಿ ಆಳು, ದೊಡ್ಡ ದನಿ. ನನ್ನ ಮೇಜಿನ ಮುಂದೆ ಬಂದು ನಿಂತರು.

"ನೀವೇನ್ರಿ ನೀಲಾಂಬಿಕಾ ಮೇಡಮ್ಮಾರು? ನಿಮ್ಮ ಪೆನ್ನಿಗೆ ನನ್ನ ಮ್ಯಾಲ ಏನ್ ಸಿಟ್ಟರಿ?"

ಕೂರಿಸಿದೆ, ನೀರು ಕೊಟ್ಟೆ. ವಿಷಯ ಇಷ್ಟು. ಅವರ ತಮ್ಮ ಮೈಲಾರಿ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೂಜಿ ಚುಚ್ಚಲು ಕೈಯಲ್ಲಿ ಜಾಗ ಉಳಿದಿಲ್ಲ, ಇನ್ನು ಎರಡು ತಿಂಗಳು ತಳ್ಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದಾರೆ. ಅಕ್ಕನ ಕಿಡ್ನಿ ಹೊಂದುತ್ತದೆ. ಅಕ್ಕ ಕೊಡುತ್ತೇನೆ ಎನ್ನುತ್ತಿದ್ದಾರೆ. ಆಸ್ಪತ್ರೆಯ ಅಂಗದಾನ ಸಮಿತಿಯ ಮುಂದೆ ಪೆನ್ನು ಇಲ್ಲ ಎನ್ನುತ್ತಿದೆ.

"ಸಮಿತಿಯವರು 'ಯವ್ವಾ, ನಿನಗ ಯಾರ್ ಅಂಜಿಸ್ಯಾರ ಹೇಳು, ನಾವ್ ಅದೇವಿ' ಅಂತ ಗಂಟ ಬಿದ್ದಾರ್ರಿ. ನಾನು ಇಪ್ಪತ್ತೆಂಟ ವರ್ಷ ಮಂದೀನ ಅಂಜಿಸಿದಾಕಿ. ನನ್ನ ಯಾರ್ ಅಂಜಿಸ್ತಾರ?"

"ತಮ್ಮನ ಹೆಂಡತಿ, ಮನಿಯವರು ಏನರ ಅಂದಾರೇನ್ರಿ ಅಕ್ಕಾರ?" ಎಂದು ಕೇಳಿದೆ. ಕೇಳುವುದು ನನ್ನ ಕೆಲಸ.

"ಅವನ ಹೆಂಡತಿ ಬ್ಯಾಡ ಅಂತಾಳ್ರಿ. ಅವನೂ ಬ್ಯಾಡ ಅಂತಾನ. ಅವರಿಬ್ಬರನ್ನ ಸುಮ್ನ ಕುಂದ್ರಸೂದ ನನಗ ದೊಡ್ಡ ಕೆಲಸ ಆಗೇತಿ."

ಅವರ ಎರಡೂ ಸಹಿಗಳ ಗೆರೆಗಳನ್ನು ಪರದೆಯ ಮೇಲೆ ತಂದೆ. ಸಾಮಾನ್ಯವಾಗಿ ಸಹಿಯ ಒತ್ತಡದ ಗೆರೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇವರದು ಒಮ್ಮೆಲೇ ಮೇಲಕ್ಕೆ ಹೋಗಿ ಛಾವಣಿಗೆ ತಾಗಿ ಅಲ್ಲಿಯೇ ಚಪ್ಪಟೆಯಾಗಿ ಕೂತುಬಿಟ್ಟಿತ್ತು. ಸೆನ್ಸರ್‌ಗೆ ಅಳೆಯಲು ಸಾಧ್ಯವಿದ್ದ ಕೊನೆಯ ಅಂಕಿಯನ್ನೂ ದಾಟಿ ಒತ್ತಿದ್ದರು. ಪುಣ್ಯಾತ್ಗಿತ್ತಿ ಪೆನ್ನಿನಿಂದ ಬರೆದರೋ ಗುದ್ದಲಿಯಿಂದ ಬರೆದರೋ ಎನ್ನಿಸಿತು.

"ಇಷ್ಟ್ಯಾಕ ಒತ್ತತೀರಿ?"

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಟಿಕೆಟ್ ಲೆಕ್ಕದ ವೇಬಿಲ್ ಬರದ ಕೈರಿ ಇದು. ಕಾರ್ಬನ್ ಇಟ್ಟ ಮೂರ ಪ್ರತಿ. ಕೆಳಗಿಂದು ಮೂಡಲಿಲ್ಲಂದ್ರ ಡಿಪೋದಾಗ ಬೈತಿದ್ರು. ಬಸ್ಸು ತಗ್ಗಿನಾಗ ಹಾರತಿರತೈತಿ, ನಾ ತೊಡಿ ಮ್ಯಾಲ ರಟ್ಟ ಇಟ್ಕೊಂಡ ಬರೀಬೇಕು. ಒತ್ತಿ ಹಿಡೀಲಿಲ್ಲಂದ್ರ ಪೆನ್ನು ಎಲ್ಲೋ ಹಾರಿ ಹೊಕ್ಕೈತಿ."

ಟಿಕೆಟ್ ಯಂತ್ರ ಬಂದು ಎಷ್ಟೋ ವರ್ಷವಾಗಿತ್ತು. ಕೈ ಮಾತ್ರ ಹಳೆಯ ರೂಢಿ ಬಿಟ್ಟಿರಲಿಲ್ಲ. ಅದರ ಮೇಲೆ ಸಮಿತಿಯವರು ಕಾಡಿದಂತೆ ಅವರಿಗೆ ಸಿಟ್ಟು, ಸಿಟ್ಟು ಬಂದಂತೆ ಇನ್ನಷ್ಟು ಒತ್ತು, ಒತ್ತಿದಂತೆ ಇನ್ನಷ್ಟು ಕೆಂಪು. ನನಗೆ ನಗು ಬರಬೇಕಿತ್ತು. ಬರಲಿಲ್ಲ, ತಲೆ ಕೆಟ್ಟಿತು.

ಆಗ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ಮೈಯುರಿಯುತ್ತದೆ. ಹಗುರಾಗಿ ಸಹಿ ಮಾಡುವುದನ್ನು ಅವರಿಗೆ ಕಲಿಸಿದೆ. ಒಂದು ವಾರ, ದಿನಾ ಹನ್ನೊಂದು ಗಂಟೆಗೆ ಬರುತ್ತಿದ್ದರು. "ಬಸ್ಸು ನಿಂತೈತಿ ಅಂದ್ಕೊಳ್ರಿ ಅಕ್ಕಾರ. ಸ್ಟ್ಯಾಂಡಿನಾಗ ನಿಂತೈತಿ. ಎಲ್ಲಾರೂ ಇಳದಾರ" ಎನ್ನುತ್ತಿದ್ದೆ. ಅವರು ಕಣ್ಣು ಮುಚ್ಚಿ, ಉಸಿರು ಬಿಟ್ಟು, ಪೆನ್ನನ್ನು ಎರಡು ಬೆರಳಲ್ಲಿ ಹಿಡಿದು ತಮ್ಮ ಹೆಸರನ್ನು ಬರೆಯುತ್ತಿದ್ದರು. ಮೊದಲ ಮೂರು ದಿನ ಕೆಂಪು. ನಾಲ್ಕನೇ ದಿನ ದೀಪ ಹಸಿರಾದಾಗ ಇಡೀ ಪ್ರಯೋಗಾಲಯ ಚಪ್ಪಾಳೆ ತಟ್ಟಿತು. ಫಕೀರವ್ವ ಎಲ್ಲರಿಗೂ ಮಿರ್ಚಿ ಭಜಿ ತಂದು ಹಂಚಿದರು.

ಸೋಮವಾರ ಆಸ್ಪತ್ರೆಯ ಸಮಿತಿ ಕೋಣೆಯಲ್ಲಿ ಮೂರನೇ ಸಹಿ. ನಾನೂ ಹೋಗಿದ್ದೆ. ಮೈಲಾರಿ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಿದ್ದ. ಮುಖ ಊದಿಕೊಂಡಿತ್ತು, ಮೊಣಕೈಯವರೆಗೂ ಬ್ಯಾಂಡೇಜು. ಫಕೀರವ್ವ ನನ್ನತ್ತ ಒಮ್ಮೆ ನೋಡಿ, ಕಣ್ಣು ಮುಚ್ಚಿ, ಅಚ್ಚುಕಟ್ಟಾಗಿ, ಹಗುರಾಗಿ ಸಹಿ ಮಾಡಿದರು.

ದೀಪ ಹಳದಿಯಾಯಿತು.

ಬೇರೆ ವ್ಯಕ್ತಿ! ನಮ್ಮ ಪ್ರಯೋಗಾಲಯದ ಪೆನ್ನು ಮನಸ್ಸನ್ನು ಮಾತ್ರ ನೋಡುತ್ತದೆ, ಗುರುತನ್ನು ನೋಡುವುದಿಲ್ಲ. ಸಮಿತಿಯ ಪೆನ್ನು ಎರಡನ್ನೂ ನೋಡುತ್ತದೆ. ಫಕೀರವ್ವನ ಗುರುತು ದಾಖಲಾಗಿದ್ದದ್ದು ಅವರ ಗುದ್ದಲಿ ಕೈಯಿಂದಲೇ. ಅದನ್ನು ಬಿಡಿಸಿ ನಾನು ಬೇರೆಯೇ ಹೆಂಗಸನ್ನು ತಯಾರು ಮಾಡಿ ಕಳಿಸಿದ್ದೆ. ತಮ್ಮದೇ ಕೈಯಿಂದ ಬರೆದರೆ ಒತ್ತಾಯ, ಹಗುರಾಗಿ ಬರೆದರೆ ಅವರೇ ಅಲ್ಲ. ಈ ಬೋನನ್ನು ಕಟ್ಟಿದವಳೂ ನಾನೇ, ಅವರನ್ನು ಅದರೊಳಗೆ ತಳ್ಳಿದವಳೂ ನಾನೇ.

ಸಮಿತಿಯ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಕೆಟ್ಟವರಲ್ಲ. ಆದರೂ ಅವರ ಮುಖ ಗಡುಸಾಯಿತು. "ಮೂರೂ ಅವಕಾಶ ಮುಗಿದವು" ಎಂದರು.

"ಹೋಗ್ಲಿ ಬಿಡಕ್ಕಾ" ಎಂದ ಮೈಲಾರಿ.

"ನೀ ಸುಮ್ನ ಕುಂದ್ರು!" ಎಂದು ಫಕೀರವ್ವ ಗದರಿದ್ದಕ್ಕೆ ಕೋಣೆಯಲ್ಲಿದ್ದ ನಾವೆಲ್ಲ ಸುಮ್ಮನೆ ಕೂತೆವು. ಆಮೇಲೆ ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ನೀವು ಹೇಳಿದಂಗ ಮಾಡಿದ್ನಲ್ರಿ ಮೇಡಮ್ಮಾರ" ಎಂದರು, ಅಷ್ಟೇ.

ಅವರು ಅಲ್ಲಿಯೇ ಮೇಲ್ಮನವಿ ಬರೆದು ಕೊಟ್ಟರು. ನಿಯಮದ ಪ್ರಕಾರ ಸಮಿತಿ ನಮ್ಮ ಕಂಪನಿಗೆ ಪತ್ರ ಬರೆಯಿತು: ಈ ಪ್ರಕರಣದಲ್ಲಿ ನಿಮ್ಮ ಉಪಕರಣ ಸರಿಯಾಗಿ ಕೆಲಸ ಮಾಡಿದೆಯೇ? ಶುಕ್ರವಾರ ಸಂಜೆ ನಾಲ್ಕರೊಳಗೆ ಪ್ರಮಾಣಪತ್ರ ಕೊಟ್ಟರೆ ಅರ್ಜಿಯನ್ನು ಆರು ತಿಂಗಳು ಮುಚ್ಚುತ್ತೇವೆ. ಕೊಡದಿದ್ದರೆ ಹಳೆಯ ಪದ್ಧತಿಯಂತೆ ಆಕೆಯನ್ನೇ ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡುತ್ತೇವೆ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಎಂದಿಗಿಂತ ಜೋರಾಗಿ ಬಡಿಯುತ್ತಿದ್ದೆನೆಂದು ಕಾಣುತ್ತದೆ. ನನ್ನ ಗಂಡ ಶಿವಪುತ್ರ ಬಾಗಿಲಲ್ಲಿ ಬಂದು ನಿಂತರು. ಅವರು ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುವವರು.

"ಆ ರೊಟ್ಟಿ ಏನ್ ತಪ್ಪ ಮಾಡೇತಿ?" ಎಂದರು.

ಎಲ್ಲವನ್ನೂ ಹೇಳಿಕೊಂಡೆ. "ಕೈ ಬಿಗಿ ಇದ್ರ ಒತ್ತಾಯ ಅಂತ ಪೆನ್ನಿಗೆ ನಾವ ಕಲಿಸೇವಿ. ನಿಮ್ಮ ಹುಡುಗರ ಮ್ಯಾಲ ಪ್ರಯೋಗ ಮಾಡಿದ್ವಲ್ಲಾ, ಅವಾಗ ಎಲ್ಲಾರ ಕೈನೂ ಹಂಗ ಬಿಗಿ ಆಗಿತ್ತಲ್ರಿ."

ಆ ಪ್ರಯೋಗದ ವಿಷಯ ಹೇಳಬೇಕು. ಯಂತ್ರಕ್ಕೆ ಕಲಿಸಬೇಕಾದರೆ ಎರಡೂ ಬಗೆಯ ಸಹಿಗಳು ರಾಶಿ ರಾಶಿಯಾಗಿ ಬೇಕು. ಮನಸ್ಸಿನಿಂದ ಮಾಡಿದ ಸಹಿಗಳಿಗೆ ತೊಂದರೆಯಾಗಲಿಲ್ಲ. ಶಿವಪುತ್ರರ ಕಾಲೇಜಿನ ಮುನ್ನೂರು ವಿದ್ಯಾರ್ಥಿಗಳನ್ನು ಕರೆಸಿ, ತಂಪು ಕೋಣೆಯಲ್ಲಿ ಕೂರಿಸಿ, ಗಿರ್ಮಿಟ್ಟಿನ ತಿಂಡಿ, ಚಹಾ ಕೊಟ್ಟು ಸಹಿ ಹಾಕಿಸಿದೆವು. ಒತ್ತಾಯದ ಸಹಿ ಎಲ್ಲಿಂದ ತರುವುದು? ನಿಜವಾಗಿ ಯಾರನ್ನೂ ಹೆದರಿಸುವಂತಿಲ್ಲ. ಕೊನೆಗೆ ಶಿವಪುತ್ರರೇ ಸೀಟಿ ಹಿಡಿದು ಬೆನ್ನ ಹಿಂದೆ ನಿಂತು "ಹಾಕ್ ಸಹಿ! ಹಾಕ್ತೀಯೋ ಇಲ್ಲೋ!" ಎಂದು ಕೂಗುವುದು, ವಿದ್ಯಾರ್ಥಿಗಳು ಆ ಭಯದಲ್ಲಿ ಸಹಿ ಹಾಕುವುದು ಎಂದಾಯಿತು. ವರದಿಯಲ್ಲಿ ಅದನ್ನು "ನಿಯಂತ್ರಿತ ಒತ್ತಾಯದ ಸನ್ನಿವೇಶ" ಎಂದು ಬರೆದೆ. ದೊಡ್ಡ ದೊಡ್ಡವರು ಓದಿ ತಲೆದೂಗಿದರು.

ಶಿವಪುತ್ರ ಈಗ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು.

"ಹೆದರಿದ್ರು ಅಂದಿ? ನನಗ? ಏ, ಅವರು ನಗು ತಡಕೊಳ್ಳಾಕ ಹಲ್ಲ ಕಚ್ಚಿ ಹಿಡಿದಿದ್ರು. ನಾ ಒದರೂದು, ಅವರು ತುಟಿ ಕಚ್ಚೂದು. ಹಂಗ ಬಿಗಿ ಹಿಡದ ಸಹಿ ಹಾಕಿ, ಹೊರಗ ಓಡಿ ಹೋಗಿ ಬಿದ್ದ ಬಿದ್ದ ನಗತಿದ್ರು."

ಕೈಯಲ್ಲಿದ್ದ ರೊಟ್ಟಿ ಹರಿಯಿತು.

"ಇದನ್ನ ನನಗ ಯಾಕ ಹೇಳಲಿಲ್ಲರಿ?"

"ನೀ ಎಲ್ಲೆ ಕೇಳಿದಿ? ಗ್ರಾಫ್ ಛಲೋ ಬಂದಾವು ಅಂತ ಖುಷಿಯಾಗಿದ್ದಿ."

ಒಲೆ ಆರಿಸಿದೆ. ನಾಲ್ಕು ವರ್ಷಗಳಿಂದ ಈ ರಾಜ್ಯದ ಜನರ ಭಯವನ್ನು ನಾನು ಅಳೆಯುತ್ತಿದ್ದದ್ದು ಮುನ್ನೂರು ವಿದ್ಯಾರ್ಥಿಗಳು ತಡೆದುಕೊಂಡ ನಗುವಿನಿಂದ! ಹಾಗಾದರೆ ಹಕ್ಕು ಬಿಡುಗಡೆ ಪತ್ರದ ಹೆಣ್ಣುಮಕ್ಕಳಿಗೆ ಕೆಂಪು ಬಂದದ್ದು ಹೇಗೆ? ಯೋಚಿಸಿದರೆ ಅದೂ ಅರ್ಥವಾಯಿತು. ಅವರೂ ತಡೆದುಕೊಂಡಿದ್ದರು, ಅಳುವನ್ನು. ತಡೆದುಕೊಂಡದ್ದು ನಗುವೋ ಅಳುವೋ ಸಿಟ್ಟೋ ಪೆನ್ನಿಗೆ ಗೊತ್ತಿಲ್ಲ. ಬಿಗಿಹಿಡಿದ ಕೈ ಅಷ್ಟೇ ಅದಕ್ಕೆ ಗೊತ್ತು. ಅದರಲ್ಲಿ ಎಷ್ಟು ಕೆಂಪು ನಿಜ, ಎಷ್ಟು ಸುಳ್ಳು ಎಂದು ಹೇಳುವ ದಾರಿಯೇ ನನ್ನ ಬಳಿ ಇರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ವಿರೂಪಾಕ್ಷ ಜಿಗಳೂರ. ದನಿ ಎತ್ತುವ ಮನುಷ್ಯರಲ್ಲ. ಅಂದೇ ಕಚೇರಿಗೆ ಹೋಗಿ ನಾನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡು, ಪ್ರಮಾಣಪತ್ರದ ಕರಡನ್ನು ನನ್ನ ಮುಂದೆ ಸರಿಸಿದರು. 'ಸದರಿ ಪ್ರಕರಣದಲ್ಲಿ ಉಪಕರಣವು ಸರಿಯಾಗಿಯೇ ಕಾರ್ಯನಿರ್ವಹಿಸಿದೆ ಎಂದು ದೃಢೀಕರಿಸುತ್ತೇನೆ.' ಕೆಳಗೆ ನನ್ನ ಹೆಸರು. ಲೆಕ್ಕಾಚಾರ ಬರೆದವರೇ ದೃಢೀಕರಿಸಬೇಕೆಂಬುದು ನಿಯಮ.

"ಸರ್, ಇದು ಸರಿ ಇಲ್ಲ. ನಾ ಈಗ ಏನ್ ಹೇಳಿದೆ ನಿಮಗ?"

"ಕೇಳಿದೆ. ಸ್ವಲ್ಪ ನೀವೂ ಕೇಳ್ರಿ. ಒಂದ ಕೆಂಪು ತಪ್ಪು ಅಂತ ಕಂಪನಿ ಒಪ್ಕೊಂಡ್ರ, ನಾಳೆ ಬೆಳಿಗ್ಗೆ ಎಲ್ಲಾ ಕೆಂಪೂ ತಪ್ಪು ಅಂತ ಕೋರ್ಟಿಗೆ ಹೋಗ್ತಾರ. ನಿಮಗ ಶಾಲು ಹೊದಿಸಿದ್ರಲ್ಲ, ಆ ಹೆಣ್ಮಕ್ಕಳ ಅಣ್ಣತಮ್ಮಂದಿರು ಸುಮ್ನ ಕುಂದ್ರತಾರೇನು? ಆ ಕೆಂಪಿನಿಂದ ಅವರಿಗೆ ಉಳಿದಿದ್ದ ಜಮೀನು ಹೋಗ್ತದ. ಒಬ್ಬ ಕಂಡಕ್ಟರ್ ಬಾಯಿ ಸಲುವಾಗಿ ಸಾವಿರಾರು ಮಂದೀನ ಬೀದಿಗೆ ತರ್ತೀರಾ?"

ಈ ಮಾತೇ ನನ್ನನ್ನು ಕೆರಳಿಸಿದ್ದು. ಮನುಷ್ಯ ದುಷ್ಟನಾಗಿದ್ದರೆ ಜಗಳವಾಡಿ ಎದ್ದು ಬರಬಹುದು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಬುಧವಾರ ಜಗಳವಾಡಿದೆ, ಗುರುವಾರ ಬೇಡಿಕೊಂಡೆ. ಹೊಸ ಸಹಿಗಳನ್ನು ಸಂಗ್ರಹಿಸಿ ಯಂತ್ರಕ್ಕೆ ಮತ್ತೆ ಕಲಿಸೋಣ ಎಂದೆ. "ಖಂಡಿತ, ಮುಂದಿನ ವರ್ಷ" ಎಂದರು. ಸಹಿ ಮಾಡದಿದ್ದರೆ ನನ್ನ ಜಾಗಕ್ಕೆ ಬರುವವರು ಮಾಡುತ್ತಾರೆ ಎಂಬುದನ್ನೂ, ಚಹಾ ಬೇಕೇ ಎಂದು ಕೇಳುವಷ್ಟೇ ಮೆಲ್ಲಗೆ ಹೇಳಿದರು.

ನಾನು ವೀರವನಿತೆಯಲ್ಲ. ಶುಕ್ರವಾರ ಮೂರೂವರೆಗೆ ಅವರ ಕೋಣೆಯಲ್ಲಿ ಸಮ್ಮತಿ ಪೆನ್ನು ಕೈಗೆತ್ತಿಕೊಂಡೆ, ಇಂಥ ದೃಢೀಕರಣಕ್ಕೂ ಅದೇ ಕಡ್ಡಾಯ. ಆ ಹೆಣ್ಣುಮಕ್ಕಳಿಗಾಗಿ ಎಂದು ಮನಸ್ಸಿಗೆ ಹೇಳಿಕೊಂಡೆ. ಮೈಲಾರಿಯ ಊದಿದ ಮುಖ ಕಣ್ಮುಂದೆ ಬಂದಾಗ ಹಲ್ಲು ಕಚ್ಚಿದೆ. ಸಹಿ ಮಾಡಿದೆ.

ದೀಪ ಕೆಂಪಾಯಿತು.

ಜಿಗಳೂರ ಸರ್ ದೀಪವನ್ನು ನೋಡಿದರು, ನನ್ನನ್ನು ನೋಡಿದರು. "ಇನ್ನೊಮ್ಮೆ ಹಾಕ್ರಿ. ಸಮಾಧಾನದಿಂದ."

ಸಮಾಧಾನದಿಂದ! ಎರಡನೇ ಸಲ ಕಾಗದ ಹರಿಯುವುದೊಂದು ಬಾಕಿ. ಕೆಂಪು. ಮೂರನೇ ಸಲ ಅವರೇ ಎದ್ದು ಫ್ಯಾನ್ ಜೋರು ಮಾಡಿದರು, ನೀರು ತರಿಸಿದರು. ನಾನು ಕುಡಿದು, ಉಸಿರು ಬಿಟ್ಟು, ಬರೆದೆ. ಮತ್ತೆ ಕೆಂಪು. ಪರದೆಯ ಮೇಲೆ ಸೂಚನೆ ಬಂತು: ಈ ದೃಢೀಕರಣ ಒತ್ತಾಯದಿಂದ ಪಡೆದದ್ದು, ಆರು ತಿಂಗಳು ಅಸಿಂಧು.

ಸಹಿಯ ಫಲಿತಾಂಶವನ್ನು ಯಾರೂ ಬಚ್ಚಿಡಬಾರದೆಂದು, ಅದು ಆ ಕ್ಷಣವೇ ಸಂಬಂಧಪಟ್ಟವರಿಗೆ ಹೋಗುವಂತೆ ನಾವು ವ್ಯವಸ್ಥೆ ಮಾಡಿದ್ದೇವೆ. ಐದು ನಿಮಿಷದಲ್ಲಿ ನನ್ನ ಫೋನು ರಿಂಗಾಯಿತು. ಸಮಿತಿಯ ಅಧ್ಯಕ್ಷರು.

"ನೀಲಾಂಬಿಕಾ ಅವರೇ, ನಿಮಗೆ ಯಾರಾದರೂ ಒತ್ತಾಯ ಮಾಡುತ್ತಿದ್ದಾರೆಯೇ?"

ಜಿಗಳೂರ ಸರ್ ಎದುರಿಗೇ ಕೂತಿದ್ದರು. ತಲೆ ಅಡ್ಡಡ್ಡ ಅಲ್ಲಾಡಿಸಿದರು. ಮೂರು ದಿನದಿಂದ ಒಳಗೆ ಕುದಿಯುತ್ತಿದ್ದದ್ದು ಆಗ ಹೊರಗೆ ಬಂತು.

"ಹೌದು ಸರ್, ಮಾಡುತ್ತಿದ್ದಾರೆ. ಆದರೆ ಪೆನ್ನು ಹೇಳಿತೆಂದು ನಂಬಬೇಡಿ. ಅದಕ್ಕೆ ಏನೂ ತಿಳಿಯುವುದಿಲ್ಲ. ನೀವು ಕೇಳಿದಿರಿ, ಅದಕ್ಕೆ ಹೇಳುತ್ತಿದ್ದೇನೆ." ಸೀಟಿಯ ಕಥೆ, ನಗುವಿನ ಕಥೆ, ಎಲ್ಲವನ್ನೂ ಹೇಳಿದೆ.

ಅವರು ಎಲ್ಲವನ್ನೂ ಕೇಳಿ, ನ್ಯಾಯಾಧೀಶರ ದನಿಯಲ್ಲಿ, "ಪೆನ್ನು ಸರಿಯಿದ್ದರೆ ನಿಮ್ಮ ಪ್ರಮಾಣಪತ್ರ ಬಿದ್ದುಹೋಯಿತು. ಪೆನ್ನು ತಪ್ಪಿದ್ದರೆ ಆಕೆಯ ಮೂರು ಸಹಿಗಳ ಫಲಿತಾಂಶವೇ ಬಿದ್ದುಹೋಯಿತು. ಎರಡರಲ್ಲಿ ಯಾವುದಾದರೂ ನಾಳೆ ವಿಚಾರಣೆ ನಡೆಸಲೇಬೇಕು. ನಿಮ್ಮ ಸಾಹೇಬರಿಗೆ ಯಾವುದು ಬೇಕೋ ಆರಿಸಿಕೊಳ್ಳಲಿ" ಎಂದರು.

ಸಾಹೇಬರು ಯಾವುದನ್ನೂ ಆರಿಸಲಿಲ್ಲ. ನನ್ನ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಇಟ್ಟು ಹೋಗಲು ಹೇಳಿದರು. ಇಟ್ಟು ಬಂದೆ. ಆ ಹೆಣ್ಣುಮಕ್ಕಳ ಜಮೀನಿನ ಗತಿ ಏನಾಗುತ್ತದೆಯೋ ನನಗೆ ಗೊತ್ತಿಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ಕೇಳುವುದೊಂದೇ ನನಗೆ ಕಾಣುವ ದಾರಿ. ಎಷ್ಟು ವರ್ಷ ಹಿಡಿಯುತ್ತದೆಯೋ.

ಶನಿವಾರದ ವಿಚಾರಣೆಗೆ ನಾನು ಸಾಕ್ಷಿಯಾಗಿ ಹೋದೆ. ಮೈಲಾರಿಯನ್ನೂ ಅವನ ಹೆಂಡತಿಯನ್ನೂ ಹೊರಗೆ ಕೂರಿಸಿದರು. ಮೇಜಿನ ಮೇಲೆ ಪೆನ್ನಿರಲಿಲ್ಲ. ಫಕೀರವ್ವ ಇಸ್ತ್ರಿ ಮಾಡಿದ ಸೀರೆಯುಟ್ಟು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕೈಗಳು ನಡುಗುತ್ತಿದ್ದವು. ಅದನ್ನು ಸಮಿತಿಯ ಐದೂ ಜನ ನೋಡಿದರು.

"ಹೆದರಿಕೆ ಆಗುತ್ತಿದೆಯಾ ಅಮ್ಮಾ?" ಎಂದರು ಅಧ್ಯಕ್ಷರು.

ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಹೌದೆಂದರೆ ಮತ್ತೆ ಅರ್ಜಿ ಮುಚ್ಚಿಬಿಡುತ್ತಾರೆ.

"ಆಗಾಕತ್ತೇತ್ರಿ" ಎಂದರು ಫಕೀರವ್ವ. "ಹೊಟ್ಟಿ ಕೊಯ್ಸ್ಕೊಳ್ಳೂದಂದ್ರ ಯಾರಿಗೆ ಆಗೂದಿಲ್ರಿ? ಮೂರ ದಿನ ಆತು ನಿದ್ದಿ ಬಂದಿಲ್ಲ. ಸತ್ತ ಗಿತ್ತ ಹೋದ್ರ ಅಂತ ಅನಸ್ತೈತಿ. ನನ್ನ ಕೈ ನೀವ ನೋಡಾಕತ್ತೀರಿ."

ಅಧ್ಯಕ್ಷರು ಕನ್ನಡಕ ತೆಗೆದರು. "ಹಾಗಾದರೆ..."

"ಹಂಗಾರ ಏನ್ರಿ? ಅವ ನನ್ನ ತಮ್ಮ. ಅಂಜಿಕೊಂತನ ಕೊಡಾಕತ್ತೇನಿ. ಹಂಗ ಬರಕೊಳ್ರಿ."